ಕಾರಿಗಾದ ಪಾದಪೂಜೆ

ಅರಸೀಕೆರೆ ತಾಲ್ಲೂಕಿನಲ್ಲಿ ಡೀಸೆಲ್ ಎಂಜಿನ್ನಿನ ನಾಡಿ ಹಿಡಿಯಬಲ್ಲವನು ನಾನೊಬ್ಬನೇ. ಇದನ್ನು ನಾನಾಗಿ ಹೇಳುತ್ತಿಲ್ಲ. ನಮ್ಮೂರು ಕಣಕಟ್ಟೆಯ ಬಸ್ ನಿಲ್ದಾಣದಲ್ಲಿ ಯಾರನ್ನು ಬೇಕಾದರೂ ಕೇಳಿ, ಚನ್ನೇಶ ದಿನವೂ ಹಾಗೆ ಹೇಳುತ್ತಿರುತ್ತಾನೆ ಎಂದು ಅವರೇ ಹೇಳುತ್ತಾರೆ. ಮೂರು ವರ್ಷ ಕೆಟ್ಟು ನಿಂತಿದ್ದ ಟ್ರ್ಯಾಕ್ಟರೊಂದು ನಾನು ಪಕ್ಕದಲ್ಲಿ ನಿಂತು ಕೆಮ್ಮಿದ್ದಕ್ಕೇ ಸ್ಟಾರ್ಟ್ ಆಗಿ, ತಾನೇ ಹೋಗಿ ಎರಡು ಎಕರೆ ರಾಗಿ ಹೊಲ ಉತ್ತು ಬಂದದ್ದುಂಟು.

ಅಂಥ ನನಗೆ ಬೆವರಿಳಿಸಿದ್ದು ಕೊಬ್ಬರಿ ವ್ಯಾಪಾರಿ ಇಂದುಧರನ ಇಪ್ಪತ್ತೆರಡು ವರ್ಷದ ಡೀಸೆಲ್ ಕಾರು. ಅದೂ ಈ ಜನವರಿಯ ಚಳಿಯಲ್ಲಿ. ತೆಂಗಿನ ಮರಗಳೇ ಗರಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದ ಚಳಿ ಅದು.

ಅವತ್ತು ಎಂಟು ಗಂಟೆಯ ರೈಲಿಗೆ ಮಠದ ಸ್ವಾಮಿಗಳು ಅರಸೀಕೆರೆಗೆ ಬರುವವರಿದ್ದರು. ನಮ್ಮೂರಿನ ಕಟ್ಟಳೆ ಏನೆಂದರೆ, ಸ್ವಾಮಿಗಳನ್ನು ಸ್ಟೇಷನ್ನಿನಿಂದ ಯಾರು ಕರೆತರುತ್ತಾರೋ ಅವರ ಮನೆಯಲ್ಲೇ ಮೊದಲ ಪಾದಪೂಜೆ. ಒಂಬತ್ತು ವರ್ಷದಿಂದ ಆ ಭಾಗ್ಯವೆಲ್ಲ ಊರ ಬಾಗಿಲಲ್ಲೇ ಮನೆ ಕಟ್ಟಿಸಿಕೊಂಡ ಶಶಿಕಿರಣನದು. ಅವನು ಎರಡು ವರ್ಷಕ್ಕೊಮ್ಮೆ ಕಾರು ಬದಲಿಸುವ ಆಸಾಮಿ. ಈ ಸಲ ಇಂದುಧರ ಹಿರಿಯರ ಕೈಕಾಲು ಹಿಡಿದು ಸರದಿ ತನ್ನದಾಗಿಸಿಕೊಂಡಿದ್ದ. ರೈಲು ಬಂದಾಗ ಅವನ ಕಾರು ಅಲ್ಲಿರದಿದ್ದರೆ ಮತ್ತೆ ಶಶಿಕಿರಣನೇ.

ಬೆಳಿಗ್ಗೆ ಆರೂವರೆಗೆ ಇಂದುಧರ ಮಡಿ ಪಂಚೆ ಉಟ್ಟು, ಹಣೆ ತುಂಬ ವಿಭೂತಿ ಬಳಿದು ಕೀಲಿ ತಿರುಗಿಸಿದ. ಗರಗರ ಎಂದಿತು. ಅಷ್ಟೇ.

“ಚನ್ನೇಶಣ್ಣಾ, ಏನಾಯ್ತಣ್ಣ ಇದ್ಕೆ?”

ನಾನು ಬಾನೆಟ್ಟಿಗೆ ಕಿವಿಯಿಟ್ಟು, ಕಣ್ಣು ಮುಚ್ಚಿ, “ಬ್ಯಾಟರಿ” ಎಂದೆ. ಸೆಲ್ಫ್ ಮೋಟಾರು ಹಿಟ್ಟಿನ ಗಿರಣಿಯಂತೆ ಚುರುಕಾಗಿ ತಿರುಗುತ್ತಿತ್ತು, ನಿಜ. ಆದರೆ ಎಂಥ ದೊಡ್ಡ ಡಾಕ್ಟರಾದರೂ ಮೊದಲು ನಾಲಿಗೆ ಚಾಚು ಎಂದೇ ತಾನೆ ಹೇಳುವುದು? ಟ್ರ್ಯಾಕ್ಟರಿನ ಬ್ಯಾಟರಿ ತಂದು ಕಟ್ಟಿದರೂ ಅದೇ ಗರಗರ.

ಇಂದುಧರ ಅರಸೀಕೆರೆಯ ಮೆಕ್ಯಾನಿಕ್ ಪುಟ್ಟರಾಜುಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟ.

“ಅಣ್ಣ, ಸೆಲ್ಫ್ ಹೊಡ್ದಾಗ ಸೈಲೆನ್ಸರ್ನಾಗೆ ಹೊಗೆ ಬತ್ತೈತಾ?” ಎಂದ ಪುಟ್ಟರಾಜು. “ಬಂದ್ರೆ ಡೀಸೆಲ್ ಒಳೀಕೆ ಹೋಗ್ತೈತೆ, ಕಾವು ಸಾಲ್ದು ಅಂತ, ಹೀಟರ್ ಪ್ಲಗ್ ನೋಡು. ಬರ್ದಿದ್ರೆ ಡೀಸೆಲ್ಲೇ ಹೋಗ್ತಿಲ್ಲ ಅಂತ. ಸರ್ಯಾಗಿ ನೋಡಿ ಹೇಳು.”

ನೋಡಬೇಕಾದರೆ ಆ ಚಳಿಯಲ್ಲಿ ಕಾರಿನ ಹಿಂದಕ್ಕೆ ಹೋಗಿ ಬಗ್ಗಬೇಕು. ಅದೂ ಅಲ್ಲದೆ, ‘ಇಲ್ಲ’ ಎಂಬ ಸಣ್ಣ ಮಾತು ನನ್ನ ಬಾಯಿಂದ ಹೊರಟ ದಾಖಲೆಯೇ ಇಲ್ಲ.

“ಹೊಗೆನಾ? ಏನ್ ಕೇಳ್ತೀಯೋ ಪುಟ್ಟರಾಜು! ಊರೇ ಕಾಣ್ತಿಲ್ಲ ಕಣೋ!”

“ಹಂಗಾರೆ ಹೀಟರ್ ಪ್ಲಗ್ಗೇ.”

ನಾಲ್ಕೂ ಪ್ಲಗ್ ಬಿಚ್ಚಿ ಬ್ಯಾಟರಿಗೆ ಮುಟ್ಟಿಸಿ ನೋಡಿದೆವು. ನಾಲ್ಕೂ ಹಣತೆಯಂತೆ ಕೆಂಪಗೆ ಕಾದವು. ಒಂದೂ ಕೆಟ್ಟಿರಲಿಲ್ಲ. ಮತ್ತೆ ಕೂರಿಸುವಷ್ಟರಲ್ಲಿ ಏಳೂಕಾಲು. ಆಗ ಇಂದುಧರನಿಗೆ ಶಶಿಕಿರಣನ ಫೋನು. “ಏನ್ ಇಂದಣ್ಣ, ಹೊಂಟ್ರಾ? ತೊಂದ್ರೆ ಇದ್ರೆ ಸಂಕೋಚ ಮಾಡ್ಕಬೇಡಿ. ನಮ್ದು ಬಟನ್ ಒತ್ತಿದ್ರೆ ಆಯ್ತು.” ಇಂದುಧರನ ವಿಭೂತಿಗಿಂತ ಮುಖವೇ ಬಿಳಿಚಿಕೊಂಡಿತು.

ಇಂದುಧರನ ತಾಯಿ ಬಸಮ್ಮ ಅಂಗಳದ ಒಲೆಯಲ್ಲಿ ಪಾದಪೂಜೆಗೆಂದು ಹಂಡೆ ನೀರು ಕಾಯಿಸುತ್ತ ಇದನ್ನೆಲ್ಲ ನೋಡುತ್ತಿದ್ದರು.

“ಏನ್ಲಾ ಚನ್ನೇಶ, ಹೊಗೆ ಹೊಗೆ ಅಂದ್ಯಲ್ಲ, ಎಲ್ಲೈತೆ? ನನ್ನ ಒಲೇಲೈತೆ ಹೊಗೆ. ನಿನ್ನ ಕಾರಿನ ಕೊಳವೆ ತಾವ ಬೆಕ್ಕು ಮಲ್ಗೈತೆ ನೋಡು. ಅವಾಗ್ನಿಂದ ಒಂದ್ ಸಲ ಮೂತಿ ಎತ್ತಿಲ್ಲ.”

ನಾನು ಏನಾದರೂ ಹೇಳುವ ಮೊದಲೇ ಅವರು ಮಗನಿಂದ ಮತ್ತೆ ಪುಟ್ಟರಾಜುಗೆ ಫೋನ್ ಹಚ್ಚಿಸಿ, ಕಸಿದುಕೊಂಡು ಬೆಕ್ಕಿನ ವಿಚಾರ ತಿಳಿಸಿದರು. ಅವನು ಕಿರುಚಿದ್ದು ನನಗೂ ಕೇಳಿಸಿತು. “ಅಜ್ಜೀ, ಅವನೇನ್ ಹೇಳಿದ್ರೂ ಹತ್ತರಿಂದ ಭಾಗ್ಸಿ ಕೇಳ್ತೀನಿ ನಾನು. ಏನೂ ಇಲ್ದಿದ್ದನ್ನ ಎಷ್ಟ್ರಿಂದ ಭಾಗ್ಸಾನ? ಡೀಸೆಲ್ ಫಿಲ್ಟರ್ ಬಿಚ್ಸಿ ಮೊದ್ಲು!”

ಬಿಚ್ಚಿದೆವು. ಒಳಗೆಲ್ಲ ಬಿಳಿ ಬಿಳಿ, ಗಟ್ಟಿ.

“ಇದೇನಣ್ಣ, ಬೆಣ್ಣೆ ಇದ್ದಂಗೈತೆ?” ಎಂದ ಇಂದುಧರ.

ಬಸಮ್ಮ ಒಂದು ಚೂರು ತೆಗೆದು ಬೆರಳಲ್ಲಿ ತಿಕ್ಕಿದರು. ಮೂಸಿದರು. ಆಮೇಲೆ ಒಲೆಯ ಕಟ್ಟೆಯ ಮೇಲೆ ಕಾವಿಗಿಟ್ಟಿದ್ದ ತಮ್ಮ ಬಾಟಲಿಯ ಕಡೆ ನೋಡಿದರು.

“ಲೋ, ಇದು ತಲೆಗ್ ಹಚ್ಕಳೋ ಕೊಬ್ರಿ ಎಣ್ಣೆ ಕಣ್ರೋ! ಈ ಚಳೀಲಿ ಒಲೆ ಮುಂದೆ ಇಕ್ದೇ ಒಂದ್ ತೊಟ್ಟು ಇಳಿಯಲ್ಲ. ಇದನ್ನ ಯಾವನ್ಲಾ ಕಾರಿಗೆ ಹಚ್ಚಿದ್ದು?”

ಇಲ್ಲಿ ನಾನು ಹೇಳಲು ಮರೆತ ಒಂದು ಸಣ್ಣ ಸಂಗತಿಯಿದೆ. ಹಿಂದಿನ ಸೋಮವಾರ ಮಟಮಟ ಮಧ್ಯಾಹ್ನ, ನನ್ನದೇ ಸಲಹೆಯ ಮೇರೆಗೆ, ಗಾಣದಿಂದ ತಂದ ಹದಿನೈದು ಲೀಟರ್ ಎಣ್ಣೆಯನ್ನು ಈ ಕಾರಿನ ಟ್ಯಾಂಕಿಗೆ ಸುರಿದಿದ್ದೆವು. ಹಳೇ ಡೀಸೆಲ್ ಎಂಜಿನ್ನಿಗೆ ಕೊಬ್ಬರಿ ಎಣ್ಣೆ ಎಂದರೆ ತಾಯಿಯ ಹಾಲು, ದೆಹಲಿಗೆ ಹೋಗಿ ಬಂದರೂ ದಣಿಯುವುದಿಲ್ಲ ಎಂದು ನಾನು ಹೇಳಿದ್ದೆ. ಅವತ್ತಿನ ಬಿಸಿಲಿಗೆ ಕಾರು ಓಡಿಯೂ ಓಡಿತ್ತು. ‘ಬುದ್ದಿ, ನಮ್ಮ ತೋಟದ ಎಣ್ಣೇಲೇ ತಮ್ಮನ್ನ ಕರ್ಕಂಡ್ ಬಂದಿವ್ನಿ’ ಎಂದು ಸ್ವಾಮಿಗಳಿಗೆ ಹೇಳುವ ಆಸೆಗೆ ಬಿದ್ದು ಇಂದುಧರ ನನ್ನನ್ನು ತಬ್ಬಿಕೊಂಡಿದ್ದ. ಈಗ ಅವನು ನೋಡಿದ ನೋಟದಲ್ಲಿ ಅಪ್ಪುಗೆ ಇರಲಿಲ್ಲ.

“ಎಂಜಿನ್ ಒಪ್ಪೈತೆ ಕಣಪ್ಪ. ಒಪ್ದೇ ಇರೋದು ಚಳಿ” ಎಂದೆ.

“ಮಾತು ಸಾಕು, ಹಂಡೆ ಎತ್ರೋ” ಎಂದರು ಬಸಮ್ಮ.

“ಅವ್ವಾ! ಅದು ಬುದ್ದಿಯೋರ ಪಾದಕ್ಕೆ ಕಾಸಿದ್ದು!”

“ಪಾದ ಬಂದ್ರೆ ತಾನೇ ಪೂಜೆ? ಸುರಿ!”

ಫಿಲ್ಟರಿಗೆ, ಪೈಪಿಗೆ, ಟ್ಯಾಂಕಿಗೆ ಗೋಣಿ ಸುತ್ತಿ ಬಿಂದಿಗೆ ಬಿಂದಿಗೆ ಬಿಸಿನೀರು ಹೊಯ್ದೆವು. ಆ ಕಾರಿಗೆ ನಡೆದಷ್ಟು ಭಕ್ತಿಯ ಅಭಿಷೇಕ ಹೊಯ್ಸಳರ ಕಾಲದಲ್ಲೂ ನಡೆದಿರಲಿಕ್ಕಿಲ್ಲ. ಎಣ್ಣೆ ಕರಗಿತು. ಪೈಪಿನೊಳಗೆ ಸೇರಿದ್ದ ಗಾಳಿ ತೆಗೆದು ಕೀಲಿ ತಿರುಗಿಸಿದರೆ ಹೊಗೆ, ನಿಜವಾದ ಹೊಗೆ! ಬೆಕ್ಕು ಹಾರಿ ಹಂಚಿನ ಮೇಲೆ ಕುಳಿತಿತು. ಗಡಗಡನೆ ಎಂಜಿನ್ ಎದ್ದಿತು. ಇಡೀ ಬೀದಿಯಲ್ಲಿ ಹತ್ತು ಗಾಣ ಒಟ್ಟಿಗೆ ಆಡಿದ ವಾಸನೆ.

ಇಂದುಧರನೂ ನಾನೂ ಸ್ಟೇಷನ್ ಮುಟ್ಟಿದಾಗ ಎಂಟೂಕಾಲು. ಪುಣ್ಯಕ್ಕೆ ರೈಲು ಅರ್ಧ ಗಂಟೆ ತಡ. ಶಶಿಕಿರಣ ಹೊಸ ಕಾರಿನ ಪಕ್ಕ ಹಾರ ಹಿಡಿದು ನಿಂತಿದ್ದ. ರೈಲು ಬಂತು. ಸ್ವಾಮಿಗಳು ಇಳಿದು ಹಾರ ಅವನಿಂದ ಹಾಕಿಸಿಕೊಂಡು, ಕೂತದ್ದು ಮಾತ್ರ ನಮ್ಮ ಕಾರಿನಲ್ಲಿ. ಇಂದುಧರ ಗೆದ್ದಿದ್ದ.

ದಾರಿಯುದ್ದಕ್ಕೂ ಚಳಿಗಾಳಿ ಕಾರಿನ ಹೊಟ್ಟೆಗೆ ಬಡಿಯುತ್ತಿತ್ತು. ಕಣಕಟ್ಟೆ ಇನ್ನೇನು ಬಂತು ಎನ್ನುವಾಗ ಸ್ವಾಮಿಗಳು ಮೂಗರಳಿಸಿ, “ಹತ್ತಿರದಲ್ಲಿ ಎಲ್ಲೋ ಗಾಣ ಆಡ್ತಿದೆಯೇನಪ್ಪ?” ಎಂದರು.

ಇಂದುಧರ ಇಷ್ಟು ದಿನ ಕಾದಿದ್ದ ಗಳಿಗೆ ಅದು. “ಬುದ್ದಿ, ಅದು ನಮ್ಮ ತೋಟದ...” ಎಂದು ಬಾಯಿ ತೆರೆದ. ಕಾರು ಒಮ್ಮೆ ಕೆಮ್ಮಿತು. ಎರಡು ಸಲ ಕೆಮ್ಮಿತು. ನಿಂತೇಹೋಯಿತು.

ನಿಂತದ್ದು ಊರ ಬಾಗಿಲಲ್ಲಿ, ಶಶಿಕಿರಣನ ಮನೆಯ ಗೇಟಿನೆದುರು. ಒಂಬತ್ತು ವರ್ಷದ ರೂಢಿಯಂತೆ ಅಲ್ಲಿ ರಂಗೋಲಿ ಬಿದ್ದಿತ್ತು. ಶಶಿಕಿರಣನ ಹೆಂಡತಿ ಸ್ವಾತಿ ಬಿಸಿನೀರಿನ ಬಿಂದಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. “ಬನ್ನಿ ಬುದ್ದಿ, ಒಳಗ್ ಬನ್ನಿ, ಚಳಿ.” ಸ್ವಾಮಿಗಳು ಇಂದುಧರನ ಭುಜ ತಟ್ಟಿ, “ಗಾಡಿ ನಿಂತ ಕಡೆಯೇ ಆಗಿಹೋಗಲಿ ಬಿಡಪ್ಪ” ಎಂದು ಇಳಿದು ನಡೆದರು. ಹಿಂದೆಯೇ ಬಂದ ಶಶಿಕಿರಣ ಕಾರು ನಿಲ್ಲಿಸಿ ಒಳಕ್ಕೆ ಓಡಿದ. ಜಾಗಟೆ ಶುರುವಾಯಿತು.

ಇಂದುಧರ ಸ್ಟೀರಿಂಗ್ ಬಿಡಲಿಲ್ಲ. “ಪೂಜೆ ಆದ್ಮೇಲೆ ಉಳಿದ್ರೆ ಒಂದ್ ಬಿಂದ್ಗೆ ನೀರು ಕೇಳಿ ತಗಂಬಾ” ಎಂದು ನನ್ನ ಕೈಗೆ ಫೋನ್ ತುರುಕಿದ. “ಅಲ್ಲೀಗಂಟ ಪುಟ್ಟರಾಜುಗೆ ಹೇಳು.” ಕೀಲಿ ತಿರುಗಿಸತೊಡಗಿದ.

“ಮತ್ತೆ ನಿಂತೋಯ್ತಾ?” ಎಂದ ಪುಟ್ಟರಾಜು ಆ ಕಡೆಯಿಂದ. “ಹೊಗೆ ಬತ್ತೈತಾ ನೋಡು.”

ನಾನು ಕಾರಿನ ಹಿಂದಕ್ಕೆ ಹೋದೆ. ಮಣ್ಣಲ್ಲಿ ಮೊಣಕಾಲೂರಿ ಬಗ್ಗಿ, ಕೊಳವೆಗೇ ಕಣ್ಣಿಟ್ಟು ನೋಡಿದೆ.

“ಇಲ್ಲ” ಎಂದೆ.

ಪುಟ್ಟರಾಜು ಅನುಮಾನದಿಂದ ಕೇಳಿದ:

“ಯಾರ್ರೀ ನೀವು? ಚನ್ನೇಶಣ್ಣಂಗೆ ಫೋನ್ ಕೊಡ್ರಿ.”