ಆಕಾಶದಿಂದ ಬಿದ್ದ ತಗಡಿನ ಪರೀಕ್ಷೆ

ಹಿತ್ತಿಲಿನ ಒಗೆಯುವ ಕಲ್ಲಿನ ಮೇಲೆ ತಗಡನ್ನಿಟ್ಟುಕೊಂಡು ಅನುಪಮಾ ಸದ್ದಿಲ್ಲದೆ ತೊಳೆಯುತ್ತಿದ್ದಳು. ಸೋಪು ಹಾಕಬಾರದು, ನಾರಿನಲ್ಲಿ ಉಜ್ಜಬಾರದು, ಮಣ್ಣಷ್ಟೇ ಹೋಗಬೇಕು ಎಂದು ಅಪ್ಪನ ಅಪ್ಪಣೆಯಾಗಿತ್ತು. ಮೊರದಗಲದ ತಗಡು, ಒಂದು ಮಗ್ಗುಲು ಕರಕಲು, ಎತ್ತಿದರೆ ಹಪ್ಪಳದಷ್ಟು ಹಗುರ. ಮಣ್ಣು ಹೋಯಿತು. ಅಂಚಿನ ಮಡಿಕೆಯಲ್ಲಿ ಕೂತ ಹಳದಿ ಮಾತ್ರ ಹೋಗಲಿಲ್ಲ. ತಗಡು ಮನೆಗೆ ಬಂದ ದಿನ, ಅಪ್ಪ ಸಂತೆಗೆ ಹೋಗಿದ್ದಾಗ, ಅಜ್ಜಿ ಹಾಲಮ್ಮ ಅದಕ್ಕೆ ಬೀರದೇವರ ಭಂಡಾರ ಬಳಿದಿದ್ದಳು. ದೇವರ ಅರಿಶಿನ ತಾಕಿಸದೆ ಹೊಸ ವಸ್ತು ಯಾವುದನ್ನೂ ಅವಳು ಹೊಸಿಲು ದಾಟಿಸುತ್ತಿರಲಿಲ್ಲ.

ತಗಡು ಸಿಕ್ಕಿದ್ದು ಚೌಳಹಿರಿಯೂರಿನ ಅವರ ರಾಗಿ ಹೊಲದಲ್ಲಿ. ಅದರ ಹಿಂದಿನ ಸಂಜೆ ಆಕಾಶದಲ್ಲಿ ಬೆಳಕೊಂದು ಸರ್ರನೆ ಹಾದುಹೋದದ್ದನ್ನು ಊರೇ ಕಂಡಿತ್ತು. ಅಪ್ಪ ದೊಡ್ಡಬೀರಪ್ಪ ಎರಡನ್ನೂ ಗಂಟುಹಾಕಿ, ಬೇರೆ ಲೋಕದವರ ವಿಮಾನ ಬಿದ್ದಿದೆ ಎಂದು ವಾಟ್ಸಾಪಿನಲ್ಲಿ ಹಾಕಿಬಿಟ್ಟಿದ್ದ. ಅದು ಕಡೂರಿನ ಕಾಲೇಜೊಂದರಲ್ಲಿ ಪಾಠ ಹೇಳುವ ಚಂದ್ರಶೇಖರ ಮೇಷ್ಟ್ರಿಗೆ ಮುಟ್ಟಿ, ಈ ಭಾನುವಾರ ಅವರೇ ಪರೀಕ್ಷೆಗೆ ಬಂದಿಳಿದರು.

ಅವರು ಪೆಟ್ಟಿಗೆಯಿಂದ ಮೈಕ್ರೋಸ್ಕೋಪು ತೆಗೆದು ಜಗಲಿಯ ಮೇಲಿಟ್ಟಾಗ ಅನುಪಮಾ ಒದ್ದೆ ಕೈ ಒರೆಸಿಕೊಂಡು ಹತ್ತಿರ ಬಂದಳು. ಶಾಲೆಯ ಗಾಜಿನ ಬೀರುವಿನಲ್ಲೂ ಅಂಥದ್ದೊಂದಿತ್ತು. ಹತ್ತನೆಯವರಿಗೆ ಮಾತ್ರ ಅದನ್ನು ಹೊರಗೆ ತೆಗೆಯುತ್ತಿದ್ದರು. ಇವಳು ಎಂಟಕ್ಕೇ ಬಿಟ್ಟವಳು. ಇವತ್ತು ಒಂದೇ ಒಂದು ಸಲ ಅದರಲ್ಲಿ ಕಣ್ಣಿಟ್ಟು ನೋಡಬೇಕು. ಕಂಬಕ್ಕೆ ಒರಗಿ ಕಾದಳು.

"ಇದಕ್ಕೆ ಏನಾದ್ರೂ ಹಚ್ಚಿದ್ದೀರಾ?" ಎಂದು ಕೇಳಿದರು ಮೇಷ್ಟ್ರು.

"ಏನೂ ಇಲ್ಲ ಸಾರ್. ಬಿದ್ದಂಗೇ ಐತೆ," ಎಂದ ಅಪ್ಪ.

ಮೇಷ್ಟ್ರು ಅಂಚನ್ನು ಕೆರೆದು ಪುಡಿಯನ್ನು ಗಾಜಿನ ಮೇಲಿಟ್ಟು ನೋಡಿದರು. ಆಮೇಲೆ ಅಪ್ಪ ನೋಡಿದ. ಪಕ್ಕದ ಮನೆಯ ತಿಪ್ಪೇಶ ನುಗ್ಗಿ ಬಂದು ಬಗ್ಗಿದವನೇ ಕಿರುಚಿದ. "ಕಾಲು ಕಣೋ ಬೀರಣ್ಣ! ಕರೀ ಕಾಲು! ಅಲ್ಲಾಡ್ತಾವೆ!"

"ಅದು ನಿಮ್ಮ ರೆಪ್ಪೆ ಕೂದಲು ಕಣ್ರೀ," ಎಂದರು ಮೇಷ್ಟ್ರು.

ಜಗಲಿಯ ಸುತ್ತ ನೆರೆದಿದ್ದ ಜನ ನಕ್ಕರು. ನಗು ನಿಲ್ಲುವ ಮೊದಲೇ ಮೇಷ್ಟ್ರು ಸೀಸೆಯೊಂದರಿಂದ ಕ್ಷಾರದ ನೀರನ್ನು ತಗಡಿನ ಅಂಚಿಗೆ ಬಿಟ್ಟರು. ತಗಡಿನ ಮೇಲೆ ಗುಳ್ಳೆ ಗುಳ್ಳೆಯಾಗಿ ನೊರೆ ಎದ್ದಿತು. "ಗುಳ್ಳೆ ಬಂತಲ್ಲ, ಅಲ್ಯೂಮಿನಿಯಂ ಇರಬೇಕು," ಎನ್ನುವಷ್ಟರಲ್ಲಿ ಹಳದಿಯೆಲ್ಲ ಕೆಂಪಾಗಿ, ಸಣ್ಣಗೆ ಹರಿಯತೊಡಗಿತು. ಮೇಷ್ಟ್ರು ಬೆರಗಾಗಿ ಕೂತರು.

"ರಕ್ತ!" ಎಂದ ತಿಪ್ಪೇಶ.

"ಇದು ನನಗೆ ಗೊತ್ತಾಗ್ತಿಲ್ಲ," ಎಂದರು ಮೇಷ್ಟ್ರು. "ಸಂಜೆವರೆಗೂ ಕೂತು ನೋಡ್ತೀನಿ. ಆಮೇಲೆ ಬೆಂಗಳೂರಿಗೆ ಕಳಿಸೋಣ."

ಅಪ್ಪನ ಮೀಸೆ ಕುಣಿಯಿತು. ಅನುಪಮಾಗೆ ಮಾತ್ರ ಅದು ಏನೆಂದು ಗೊತ್ತಿತ್ತು. ಅರಿಶಿನದ ಬಟ್ಟೆಗೆ ಸೋಪು ತಾಕಿದರೆ ಕೆಂಪಾಗುವುದನ್ನು ವಾರವಾರವೂ ಕಾಣುತ್ತಿದ್ದವಳು ಅವಳು. ಸುಮ್ಮನಿದ್ದರೆ ಮೈಕ್ರೋಸ್ಕೋಪು ಸಂಜೆಯವರೆಗೂ ಇಲ್ಲೇ ಇರುತ್ತದೆ. ಹೇಳಿದರೆ ಈಗಲೇ ಪೆಟ್ಟಿಗೆ ಸೇರುತ್ತದೆ. ಆದರೆ ಬೆಂಗಳೂರಿನವರು ಅಪ್ಪನನ್ನು ನೋಡಿ ನಗುತ್ತಾರಲ್ಲ? ಊರಿನವರು ನಕ್ಕರೆ ಅದು ಬೇರೆ.

ಒಳಗೆ ಹೋಗಿ ಬಿಳಿ ಬಟ್ಟೆಗೆ ಚಿಟಿಕೆ ಭಂಡಾರ ತಿಕ್ಕಿದಳು. ಒದ್ದೆ ಸೋಪು ಉಜ್ಜುತ್ತ ಬಂದು ಮೇಷ್ಟ್ರ ಮುಂದೆ ಹಿಡಿದಳು. ಬಟ್ಟೆ ಕೆಂಪಾಯಿತು. ಮೇಷ್ಟ್ರು ಬಟ್ಟೆಯನ್ನೂ ತಗಡನ್ನೂ ನೋಡಿ ಹಣೆ ಚಚ್ಚಿಕೊಂಡರು. "ಅರಿಶಿನ! ಯಾರಮ್ಮ ಹಚ್ಚಿದ್ದು?"

"ನಾನೇ ಕಣಪ್ಪ," ಎಂದಳು ಅಜ್ಜಿ ಬಾಗಿಲಲ್ಲಿ ನಿಂತು. "ಎಲ್ಲಿಂದ ಬಂದಿತ್ತೋ ಏನೋ. ಭಂಡಾರ ಇಕ್ಕದೆ ಒಳಿಕ್ಕೆ ಬಿಟ್ಕಳಾಕಾಯ್ತದಾ?"

"ಅವ್ವಾ, ನಂಗೊಂದು ಮಾತು ಹೇಳ್ಬಾರ್ದಾ?" ಎಂದ ಅಪ್ಪ.

"ನೀನು ಕೇಳಿದ್ಯೇನೋ?"

ಜಗಲಿ ತುಂಬ ನಗು. "ಹಂಗಾರೆ ಬರೀ ಅಲುಮಿನಿ ತಗಡೇನ್ಲಾ ಬೀರಣ್ಣ? ನಮ್ಮನೆ ತಪ್ಲೆ ಥರದ್ದು?" ಎಂದು ತಿಪ್ಪೇಶ ಕಾಲೆಳೆದ.

ಅಪ್ಪ ಒಂದು ಗಳಿಗೆ ಮೀಸೆ ನೀವಿಕೊಂಡ. "ಅದೇ ಕಣ್ಲಾ ನಾನು ಹೇಳಾದು. ಆ ಲೋಕದೋರೂ ಅಲುಮಿನಿ ತಪ್ಲೇಲೇ ಬೇಯಿಸ್ಕಂಡು ಉಣ್ತಾರೆ ಅಂತ ಆಯ್ತು!"

"ಮುದ್ದೆನೋ ಅನ್ನನೋ?"

"ಅಷ್ಟು ದೂರದಿಂದ ಬರೋರು ಅನ್ನ ಉಂಡು ಬರಕ್ಕಾಯ್ತದಾ? ಮುದ್ದೆನೇ!"

ಮೇಷ್ಟ್ರು ಕಣ್ಣೊರೆಸಿಕೊಂಡು ನಗುತ್ತಲೇ ಸೀಸೆಗೆ ಬಿರಡೆ ಹಾಕಿದರು, ಮೈಕ್ರೋಸ್ಕೋಪು ಎತ್ತಿಡಲು ಪೆಟ್ಟಿಗೆಯ ಮುಚ್ಚಳ ತೆರೆದರು. ಮುದ್ದೆಗೆ ಸಾರು ಹುರುಳಿಯದೋ ಸೊಪ್ಪಿನದೋ ಎಂಬ ಜಗಳ ಅಷ್ಟರಲ್ಲಿ ಬೀದಿಗೂ ಹಬ್ಬಿತ್ತು. ಅನುಪಮಾ ಕಂಬ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು.

"ಸಾರ್, ನಾನೂ ಒಂದ್ಸಲ ನೋಡ್ಲಾ?"