ಹಿಂದೆ ಉಳಿಯುವ ಗೆರೆ

ಕೆಂಪು ಬಿಡುತ್ತಿದೆ, ತಟ್ಟೆಯಲ್ಲಿ ಮುಳುಗಿರುವ ರಕ್ತಪರೀಕ್ಷೆಯ ಪಟ್ಟಿಯಿಂದ ಬಣ್ಣ ಹೊಗೆಯ ಹಾಗೆ ಎದ್ದು ನೀರಲ್ಲಿ ಕರಗುತ್ತಿದೆ, ಹುಳಿ ವಾಸನೆ ಮೂಗಿಗೆ ಹೊಡೆಯುತ್ತದೆ, ಇನ್ನೆರಡು ಸಲ ತೊಳೆದರೆ ಗೆರೆಗಳು ಕಾಣುತ್ತವೆ — ವಿಮಲಕ್ಕಾ, ಹಿಂಗ ಬಗ್ಗಿ ನಿಂತೀರಲ್ಲ, ಹಾಲು ಉಕ್ತದೇನ್ರಿ, ಹಿಂದಿನ ಮೇಜಿನಿಂದ ನಗ್ಮಾ ಕಿಚಾಯಿಸುತ್ತಾಳೆ, ನಗುತ್ತೇನೆ, ಪಟ್ಟಿಯ ಮೇಲಿನ ನಾಲ್ಕೂ ರಕ್ತ ನಮ್ಮ ಮನೆಯದೆಂದು ಅವಳಿಗೆ ಗೊತ್ತಿಲ್ಲ. ಮೊದಲನೆಯದು ನನ್ನದು, ಸೇಡಂನ ಈ ಲ್ಯಾಬಿಗೆ ಸೇರಿದಾಗಿನಿಂದ ಹೋಲಿಸಿ ನೋಡಲು ಪ್ರತಿ ಪಟ್ಟಿಯ ಅಂಚಿಗೆ ನನ್ನದೇ ಒಂದು ಹನಿ, ಎರಡನೆಯದು ಅಜ್ಜಿಯದು, ಮೂರನೆಯದು ಮಗಳು ಶಿವರಂಜನಿಯದು, ನಾಲ್ಕನೆಯದು ವಾಡಿಯಲ್ಲಿರುವ ತಮ್ಮ ಕಾಶೀನಾಥನ ಮಗ ಸಂಗಮೇಶ್ವರನದು. ಕೆಂಪೆಂದರೆ ಒಂದೇ ಕೆಂಪು ಎಂದುಕೊಂಡಿದ್ದೆ, ಇಲ್ಲ, ಪಟ್ಟಿಯ ತುದಿಗೆ ರಕ್ತದ ಒಂದು ಗೀರು ಹಚ್ಚಿ ಕರೆಂಟು ಹಾಯಿಸಿದರೆ ಮುಕ್ಕಾಲು ಗಂಟೆಯಲ್ಲಿ ಅದೇ ಎರಡಾಗಿ ನಡೆಯುತ್ತದೆ, ದೊಡ್ಡದು ಮುಂದೆ ಓಡುತ್ತದೆ, ಸಣ್ಣದು ಹಿಂದೆ ಉಳಿಯುತ್ತದೆ, ಎಷ್ಟು ಸಲ ನೋಡಿದರೂ ಮೈ ಜುಮ್ಮೆನ್ನುತ್ತದೆ, ಹಿಂದೆ ಉಳಿದದ್ದು ಎಳೆಯಷ್ಟು ತೆಳ್ಳಗಿದ್ದರೆ ಸರಿ, ದಪ್ಪಗಿದ್ದರೆ ಥಲಸ್ಸೀಮಿಯಾ ಹೊತ್ತ ರಕ್ತ, ಹೊತ್ತವರಿಗೆ ಏನೂ ಆಗುವುದಿಲ್ಲ, ಐವತ್ತು ದಾಟಿ ನಾನೇ ನಿಂತಿದ್ದೇನಲ್ಲ, ಆದರೆ ಹೊತ್ತವರಿಬ್ಬರು ಕೂಡಿ ಕೂಸು ಹುಟ್ಟಿದರೆ — ನನ್ನ ಮಗ ಮಾಣಿಕ, ಎರಡೂವರೆ ವರ್ಷ, ಅಂಗೈ ಸುಣ್ಣದಂತೆ ಬೆಳ್ಳಗೆ, ತಿಂಗಳಿಗೊಮ್ಮೆ ಯಾರದೋ ರಕ್ತ, ಸೂಜಿ ಕಂಡರೆ ತಾನೇ ಕೈ ಚಾಚುತ್ತಿದ್ದ, ಅಷ್ಟು ರೂಢಿಯಾಗಿತ್ತು.

ಅವ್ವನ ತಮ್ಮನಿಗೇ ನನ್ನನ್ನು ಕೊಟ್ಟದ್ದು, ಅಜ್ಜಿಯೇ ಅತ್ತೆಯಾದಳು, ಮನಿ ಹುಡುಗಿ ಮನ್ಯಾಗೇ ಇರ್ಲಿ, ಹೊರಗಿನ ರಕ್ತ ಯಾಕ ಬೇಕು ಎಂದವಳು ಮಾಣಿಕ ಹೋದ ದಿನ ತಣ್ಣನೆಯ ಫರ್ಸಿ ಕಲ್ಲಿನ ನೆಲದ ಮೇಲೆ ಕೂತು, ಇಕಿ ಹಾಲೇ ಸುಮಾರ ಅದ, ಕೂಸು ಹೆಂಗ ಉಳಿತದ, ಎಂದಳು, ಪುಸ್ತಕ ಓದಿ ಅದು ಸುಳ್ಳೆಂದು ತಿಳಿದ ಮೇಲೂ ಎದೆ ಅದನ್ನೇ ನಂಬುತ್ತಿತ್ತು. ಹೋದ ವಾರ ಬೆರಳು ಚುಚ್ಚಿದಾಗ, ಏಳು ಹಡದೀನಿ, ನನ್ನ ರಕ್ತದಾಗ ಏನ್ ಹುಡುಕ್ಲಿಕತ್ತಿ, ಬಂಗಾರ ಅದ ಏನು, ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಕಾಶೀನಾಥ ನಗಲಿಲ್ಲ, ಸೋಮವಾರ ಇಬ್ಬರ ಲಗ್ನ ಗಟ್ಟಿ ಮಾಡಿ ಸಕ್ಕರಿ ಹಂಚೋದದ ಅಕ್ಕಾ, ಸೋದರಿಕಿ ನಡು ನಿನ್ನ ಲ್ಯಾಬ್ ತರಬ್ಯಾಡ. ಸಂಗಮೇಶ್ವರ ಮಾತ್ರ ತಾನೇ ಅಂಗಿಯ ತೋಳು ಮಡಚಿ ಕೂತ, ಸಾವಕಾಶ ಚುಚ್ಚ್ರಿ ಅತ್ತೀ, ಇವಳು ನೋಡ್ಲಿಕತ್ತಾಳ, ಶಿವರಂಜನಿ ಅವನ ಬೆನ್ನಿಗೊಂದು ಗುದ್ದಿದಳು, ಆಮೇಲೆ ಅಡುಗೆಮನೆಯಲ್ಲಿ ನನ್ನೊಬ್ಬಳಿಗೇ, ಅವ್ವಾ, ಏನ್ ಬಂದ್ರೂ ಬಂದಂಗ ಹೇಳು, ಮುಚ್ಚಿಡಬ್ಯಾಡ, ಎಂದವಳ ಕಣ್ಣು ಹೊರಗೆ ಅವನ ಚಪ್ಪಲಿಯ ಮೇಲೇ ಇತ್ತು.

ಕೊನೆಯ ತೊಳೆತ, ನೀರು ತಿಳಿಯಾಗುತ್ತದೆ, ಚಿಮಟದಲ್ಲಿ ಪಟ್ಟಿ ಎತ್ತಿ ಬೆಳಕಿಗೆ ಹಿಡಿಯುತ್ತೇನೆ, ನನ್ನದು ಎಂದಿನಂತೆ ದಪ್ಪ, ಪಕ್ಕದಲ್ಲಿ ಅಜ್ಜಿಯದು — ಅಷ್ಟೇ ದಪ್ಪ, ನನ್ನ ಹಾಲಲ್ಲ, ಅಜ್ಜೀ, ನಿನ್ನಿಂದ ಅವ್ವನಿಗೆ, ಅವ್ವನಿಂದ ನನಗೆ, ಮತ್ತೆ ನಿನ್ನಿಂದ ನೇರ ನಿನ್ನ ಮಗನಿಗೆ, ನನ್ನ ಗಂಡನಿಗೆ, ಒಂದೇ ಗೆರೆ ಎರಡು ದಾರಿ ಹಿಡಿದು ಹೊರಟು ಮಾಣಿಕನಲ್ಲಿ ಬಂದು ಕೂಡಿತಲ್ಲ, ಯಾರಿಗೂ ಕಾಣದೆ, ನಿನಗೂ, ಸಿಟ್ಟು ಬರಬೇಕಿತ್ತು, ಬರುತ್ತಿಲ್ಲ, ಕೈಯೆತ್ತಿ ಮುಗಿಯಬೇಕೆನಿಸುತ್ತಿದೆ, ಯಾರಿಗೆ, ಗೊತ್ತಿಲ್ಲ. ಮೂರನೆಯದು, ನನ್ನ ಹುಡುಗಿಯದು, ದಪ್ಪ, ಇರಲಿ, ಒಬ್ಬರಿದ್ದರೆ ಏನೂ ಆಗುವುದಿಲ್ಲ, ನಾಲ್ಕನೆಯದು ತೆಳ್ಳಗಿದ್ದರೆ ಸಾಕು, ಇನ್ನೂ ಒದ್ದೆ, ಕಣ್ಣೂ ಒದ್ದೆ, ಒರೆಸಿಕೊಂಡು ನೋಡುತ್ತೇನೆ — ಏನ್ ಬಂತ್ರಿ ಅಕ್ಕಾ, ನಗ್ಮಾ ಕೇಳುತ್ತಿದ್ದಾಳೆ — ಬಂದಂತೆ ಹೇಳಬೇಕು, ಮೊದಲು ಮಗಳಿಗೆ, ಆಮೇಲೆ ತಮ್ಮನಿಗೆ, ಸೋಮವಾರಕ್ಕೆ ಮುಂಚೆ, ಹೇಳುತ್ತೇನೆ, ಫೋನು ಅಲ್ಲೇ ಇದೆ, ಮೂರು ಮತ್ತು ನಾಲ್ಕು, ಪಕ್ಕಪಕ್ಕದಲ್ಲಿ, ಸ್ಕೇಲು ಹಿಡಿದು ಎಳೆದಂತೆ, ಎರಡು ಕೆಂಪು ಗೆರೆ, ಎರಡೂ ದಪ್ಪ, ಎರಡೂ