ಬಿಸಿಲಿಗೆ ಕೂತ ತಂಗಿ

ತಂಗಿ ಬಿಸಿಲಿಗೆ ಕೂತದ್ದು ಅಕ್ಕನ ಕಣ್ಣಿಗೆ ಬಿದ್ದದ್ದು ಒಂದು ಮಂಗಳವಾರ. ಆ ವಾರ ಅಕ್ಕನಿಗೆ ಸಂಜೆ ಪಾಳಿ. ಅಡುಗೆಮನೆಯ ಕಿಟಕಿಯಿಂದ ನೋಡಿದರೆ ತಂಗಿ ಬಾಡಿಗೆಗಿದ್ದ ಎದುರು ಕಟ್ಟಡದ ಮಾಳಿಗೆ ಅಂಗೈಯಷ್ಟು ಸ್ಪಷ್ಟ. ಬುಧವಾರವೂ ಕೂತಳು, ಗುರುವಾರವೂ. ಹನ್ನೊಂದಕ್ಕೆ ಬಂದು, ಕೂದಲು ಬಿಚ್ಚಿ ಹರಡಿಕೊಂಡು, ಎರಡು ಗಂಟೆಯವರೆಗೆ ಅಲ್ಲಾಡದೆ ಕೂರುವುದು. ಮೈಬಣ್ಣ ಕೆಟ್ಟೀತೆಂದು ಮೂಲೆ ಅಂಗಡಿಗೂ ಕೊಡೆ ಹಿಡಿದು ಹೋಗುತ್ತಿದ್ದವಳು ಇವಳೇ. ಶುಕ್ರವಾರದ ಹೊತ್ತಿಗೆ ಅಕ್ಕನ ತಲೆಗೆ ಹುಳ ಹೊಕ್ಕಿತ್ತು.

ಹೊಗಲು ಕಾರಣವಿತ್ತು. ಎರಡು ವರ್ಷದಿಂದ ತಂಗಿಯ ಮಗಳು ಚೂಟಿ ಬೆಳೆಯುತ್ತಿದ್ದುದು ಅಕ್ಕನ ಮನೆಯಲ್ಲಿ. ತಂಗಿ ಬಿಳಿಪುಡಿಯ ಚಟಕ್ಕೆ ಬಿದ್ದು, ಕೆಲಸ ಕಳೆದುಕೊಂಡು, ಕೊನೆಗೆ ಎರಡು ತಿಂಗಳು ಚಿಕಿತ್ಸಾ ಕೇಂದ್ರದಲ್ಲಿದ್ದು ಹೊರಬಂದು ಈಗ ನಾಲ್ಕು ತಿಂಗಳು. ಮಗಳು ಬೇಕೆಂದು ಅರ್ಜಿ ಹಾಕಿದ್ದಳು. ಮಕ್ಕಳ ಕಚೇರಿ ಇಟ್ಟ ಷರತ್ತು ಒಂದೇ: ಕೂದಲಿನ ಪರೀಕ್ಷೆ ಮಾಡಿಸಬೇಕು, ಹಿಂದಿನ ಮೂರು ತಿಂಗಳು ಶುದ್ಧವೆಂದು ಬಂದರೆ ಮಗು ತಾಯಿಗೆ. ಪರೀಕ್ಷೆ ಬರುವ ಸೋಮವಾರವೇ ಇತ್ತು.

ಅಕ್ಕ ಬಟ್ಟೆ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಬಣ್ಣದ ಗಟ್ಟಿತನ ಅಳೆಯುವವಳು. ಬಟ್ಟೆಯ ಪಟ್ಟಿಯ ಅರ್ಧಕ್ಕೆ ರಟ್ಟು ಮುಚ್ಚಿ, ಇನ್ನರ್ಧವನ್ನು ಬಿಸಿಲಿನಂಥ ದೀಪದಡಿ ದಿನಗಟ್ಟಲೆ ಇಟ್ಟು, ಆಮೇಲೆ ರಟ್ಟು ತೆಗೆದು ಎರಡನ್ನೂ ಹೋಲಿಸಿ ಎಂಟಕ್ಕೆ ಇಷ್ಟು ಎಂದು ಅಂಕ ಹಾಕಬೇಕು. ಹದಿನೇಳು ವರ್ಷ ಇದನ್ನೇ ಮಾಡಿ ಅವಳಿಗೆ ಮನುಷ್ಯರ ವಿಷಯದಲ್ಲೂ ಎದುರಿಗಿರುವ ಮುಖಕ್ಕಿಂತ ರಟ್ಟಿನಡಿ ಏನಿದೆಯೋ ಎಂಬುದೇ ಚಿಂತೆ. ನೆಂಟರಿಷ್ಟರಲ್ಲಿ ಆರು ದಾಟಿದವರಿರಲಿಲ್ಲ. ತಂಗಿಗೆ ಎರಡು ಕೊಟ್ಟಿದ್ದಳು, ಅದೂ ಒಡಹುಟ್ಟಿದ ದಾಕ್ಷಿಣ್ಯಕ್ಕೆ.

ಬಿಸಿಲು ಬಣ್ಣ ತಿನ್ನುತ್ತದೆ. ಕೂದಲೊಳಗಿನ ಪುಡಿಯನ್ನು ಮಾತ್ರ ಮುಟ್ಟದೆ ಬಿಡುತ್ತದೆಯೇ?

ಸೋಮವಾರ ಪ್ರಯೋಗಾಲಯಕ್ಕೆ ಅವಳೂ ಹೊರಟಳು.

"ಜೊತೆಗಿರ್ತೀನಿ ಅಷ್ಟೆ."

"ಕಾವಲಿಗೆ ಅನ್ನು," ಎಂದಳು ತಂಗಿ.

ಕೂದಲು ತೆಗೆಯುವಾಕೆ ಕೈಗವಸು ತೊಟ್ಟು, ತಂಗಿಯ ನೆತ್ತಿಯ ಹಿಂದೆ ಪೆನ್ಸಿಲ್ ದಪ್ಪದ ಒಂದು ಗೊಂಚಲು ಬೇರ್ಪಡಿಸಿ ಬುಡಕ್ಕೆ ಕತ್ತರಿ ಇಟ್ಟಳು.

"ಒಂದ್ನಿಮಿಷ," ಎಂದಳು ಅಕ್ಕ. "ಮೇಲಿಂದ ಯಾಕೆ? ಒಳಗಡೆಯಿಂದ ತೆಗೀರಿ."

"ನಮ್ಮ ಪದ್ಧತಿ ಹೀಗೇ, ಮೇಡಂ. ಇಲ್ಲಿ ಕೂದಲು ಒಂದೇ ಸಮ ಬೆಳೆಯುತ್ತೆ."

"ಒಂದೇ ಸಮ ಬಿಸಿಲಿಗೂ ಬೀಳುತ್ತಲ್ಲ. ಇವಳು ಒಂದು ವಾರದಿಂದ ಒಗೆದ ಬಟ್ಟೆ ಹಾಗೆ ಮಾಳಿಗೆ ಮೇಲೆ ಒಣಗ್ತಿದಾಳೆ."

ಕತ್ತರಿ ನಿಂತಿತು. "ನೀವು ಹೇಳೋದು ಸುಳ್ಳಲ್ಲ. ಬಿಸಿಲಿಗೆ ಕೆಲವು ಮಾದಕ ಪದಾರ್ಥ ಕೂದಲೊಳಗೇ ಒಡೆದುಹೋಗುತ್ತೆ, ಅಳತೆ ಕಮ್ಮಿ ಬರುತ್ತೆ. ಕತ್ತರಿಸಿದ ಮೇಲೆ ಫಾಯಿಲ್ ಸುತ್ತಿ ಕತ್ತಲಲ್ಲಿಡೋದು ಅದಕ್ಕೇ. ತಲೆ ಮೇಲಿರೋವಾಗ ಯಾರು ಸುತ್ತುತಾರೆ?"

"ಎರಡೂ ಕಡೆ ತೆಗೀರಿ," ಎಂದಳು ತಂಗಿ. "ನಮ್ಮಕ್ಕನಿಗೆ ಒಂದು ಬೋಳು ಸಾಲಲ್ಲ."

ನಗುತ್ತಲೇ ಅಂದಳು. ಆದರೆ ಒಂದು ಉಸಿರು ತಡವಾಗಿ ಅಂದಳು. ಆ ಉಸಿರನ್ನು ಅಕ್ಕ ಗಂಟು ಹಾಕಿ ಇಟ್ಟುಕೊಂಡಳು.

ವಾಪಸು ಬರುವಾಗ ತಡೆಯಲಾರದೆ ಕೇಳಿಯೇಬಿಟ್ಟಳು. "ಅಷ್ಟು ಹೊತ್ತು ಬಿಸಿಲಲ್ಲಿ ಏನು ಮಾಡ್ತಿದ್ದೆ?"

"ಕೇಂದ್ರದಲ್ಲಿ ನನ್ನ ಕೋಣೆ ಕಿಟಕಿ ತೆಗೆದ್ರೆ ಎದುರಿಗೆ ಇನ್ನೊಂದು ಗೋಡೆ. ಎರಡು ತಿಂಗಳು ಗೋಡೆ ನೋಡಿದೀನಿ."

"ಹೊರಗೆ ಬಂದು ನಾಲ್ಕು ತಿಂಗಳಾಯ್ತು. ಬಿಸಿಲು ನೆನಪಾಗಿದ್ದು ಹೋದ ವಾರಾನಾ?"

"ನಿನಗೆ ಕಂಡಿದ್ದು ಹೋದ ವಾರ. ಅದಕ್ಕೆ ಮುಂಚೆ ನಿನ್ನದು ಬೆಳಗಿನ ಪಾಳಿ."

ಉತ್ತರ ತೀರಾ ಸರಿಯಾಗಿತ್ತು. ಅಷ್ಟು ಸರಿಯಾದ ಉತ್ತರ ತಯಾರಿಯಿಲ್ಲದೆ ಬರುವುದುಂಟೇ ಎಂದು ಅಕ್ಕ ಮನೆ ಮುಟ್ಟುವವರೆಗೂ ಯೋಚಿಸಿದಳು.

ಎರಡು ವಾರದ ಮೇಲೆ ಮಕ್ಕಳ ಕಚೇರಿಯಿಂದ ಕರೆ ಬಂತು. ಇಬ್ಬರೂ ಹೋದರು, ಅಕ್ಕನೊಬ್ಬಳನ್ನೇ ಒಳಗೆ ಬಿಟ್ಟರು. ಅಧಿಕಾರಿಗೆ ಕನ್ನಡಕವನ್ನು ಹಣೆಗೇರಿಸಿ ಓದುವ ವಿಚಿತ್ರ ಅಭ್ಯಾಸ.

"ಮೇಲಿನ ಕೂದಲಲ್ಲಿ ಏನೂ ಇಲ್ಲ. ಒಳಗಿನದರಲ್ಲಿ ಒಂದಿಷ್ಟು ಕುರುಹು. ಮಿತಿಗಿಂತ ಬಹಳ ಕಮ್ಮಿ. ನಮ್ಮ ಲೆಕ್ಕಕ್ಕೆ ಶುದ್ಧ."

"ಇದೆ ಅಂತಾಯ್ತಲ್ಲ," ಎಂದಳು ಅಕ್ಕ.

"ಇದೆ. ಆದ್ರೆ ಹತ್ತರಲ್ಲೊಂದು ಕೂದಲು ಬೆಳೆಯೋದು ನಿಲ್ಲಿಸಿದ್ರೂ ಉದುರದೆ ತಿಂಗಳುಗಟ್ಟಲೆ ತಲೇಲೇ ಕೂತಿರುತ್ತಂತೆ. ಹಳೇ ಪುಡಿ ಅಂಥ ಕೂದಲಲ್ಲಿ ಉಳಿದಿರಬಹುದು."

"ಹೊಸದೂ ಇರಬಹುದು."

"ಇರಬಹುದು. ಇಷ್ಟು ಕಮ್ಮಿ ಇದ್ರೆ ಯಾವುದು ಅಂತ ಹೇಳಕ್ಕಾಗಲ್ಲ ಅಂತ ಅವರೇ ಬರೆದಿದಾರೆ." ಅಧಿಕಾರಿ ಒಂದು ಕಾಗದ ಮುಂದೆ ತಳ್ಳಿದರು. "ನೀವು ಆಕ್ಷೇಪಣೆ ಅಂತ ಗುರುತು ಹಾಕಿದ್ರೆ ಇನ್ನೂ ಮೂರು ತಿಂಗಳು ಮಗು ನಿಮ್ಮ ಹತ್ರಾನೇ. ಮತ್ತೆ ಪರೀಕ್ಷೆ. ಒಪ್ಪಿಗೆ ಅಂದ್ರೆ ಇವತ್ತೇ ಕಳಿಸಿಕೊಡಬಹುದು."

ಅಕ್ಕ ಪೆನ್ನು ಹಿಡಿದು ಕೂತಳು. ಕಾರ್ಖಾನೆಯಲ್ಲಿ ರಟ್ಟು ಎತ್ತಿದರೆ ತೀರ್ಪು ಅಲ್ಲೇ ಸಿಗುತ್ತಿತ್ತು. ಇಲ್ಲಿ ಹಟ ಹಿಡಿದು ರಟ್ಟು ಎತ್ತಿಸಿದ್ದಾಯಿತು. ಕಂಡದ್ದು ಹಾಗೂ ಓದಬಹುದು, ಹೀಗೂ ಓದಬಹುದು. ಮೂರು ತಿಂಗಳ ಮೇಲೆ ಪೂರ್ತಿ ಶುದ್ಧವೆಂದೇ ಬಂದರೂ ತಾನು ಏನು ಹುಡುಕುತ್ತೇನೆಂದು ಅವಳಿಗೆ ಈಗಲೇ ಗೊತ್ತಿತ್ತು: ಶಾಂಪೂ, ಕೂದಲಿನ ಬಣ್ಣ, ಕತ್ತರಿ ಹಿಡಿದವಳ ಕೈ. ಅದಕ್ಕಿಂತ ಕಿರಿಕಿರಿಯದು ಇನ್ನೊಂದಿತ್ತು. ಆಕ್ಷೇಪಣೆ ಬರೆ ಎಂದು ಒಳಗಿನಿಂದ ತಿವಿಯುತ್ತಿರುವುದು ಆ ಚಿಟಿಕೆ ಕುರುಹೋ, ರಾತ್ರಿಯಿಡೀ ತನ್ನ ಹೊಟ್ಟೆಯ ಮೇಲೆ ಕಾಲು ಹಾಕಿ ಮಲಗುವ ಆರು ವರ್ಷದ ಚೂಟಿಯೋ? ತನ್ನನ್ನು ತಾನೇ ಎಷ್ಟು ಅಡ್ಡಪರೀಕ್ಷೆ ಮಾಡಿದರೂ ಬಾಯಿ ಬಿಡಿಸಲಾಗಲಿಲ್ಲ.

ಒಪ್ಪಿಗೆಯ ಮುಂದೆ ಗುರುತು ಹಾಕಿ ಸಹಿ ಮಾಡಿದಳು. ಗುರುತು ಅಗತ್ಯಕ್ಕಿಂತ ದೊಡ್ಡದಾಯಿತು.

ಹೊರಗೆ ಬೆಂಚಿನ ಮೇಲೆ ತಂಗಿ ಕೂತಿದ್ದಳು. ಅಕ್ಕನ ಮುಖ ನೋಡುತ್ತ ಎದ್ದು ನಿಂತಳು.

"ಚೂಟಿ ಬಟ್ಟೆ ಎಲ್ಲಾ ಮಡಿಸಿಡ್ತೀನಿ, ಸಂಜೆ ಬಾ," ಎಂದಳು ಅಕ್ಕ. "ಹಾಲು ಬಿಸಿ ಇದ್ರೆ ಕುಡಿಯಲ್ಲ. ಹಲ್ಲುಜ್ಜಿದೆ ಅಂತ ಸುಳ್ಳು ಹೇಳ್ತಾಳೆ, ಬ್ರಷ್ ಮುಟ್ಟಿ ನೋಡು. ವಾರದ ಮಧ್ಯೆ ನಾನು ಬರ್ತಿರ್ತೀನಿ. ಹೇಳಿ ಬರಲ್ಲ."

ತಂಗಿ ಕಣ್ಣೊರೆಸಿಕೊಂಡಳು. "ಹೇಳದೇನೇ ಬಾ. ಹೇಳಿ ಬಂದ್ರೆ ನಾನು ಮನೆ ಗುಡಿಸಿ ಇಟ್ಟಿರ್ತೀನಿ, ನಿನಗೆ ಅದಕ್ಕೂ ಅನುಮಾನ." ಚೀಲದಲ್ಲಿ ತಡಕಾಡಿ ಒಂದು ಬೀಗದಕೈ ತೆಗೆದು ಅಕ್ಕನ ಅಂಗೈಲಿಟ್ಟಳು. "ಮಾಡಿಸಿಟ್ಟಿದ್ದೆ, ನಿನಗೆ ಅಂತ."

ಅಕ್ಕ ಅದನ್ನು ತಿರುಗಿಸಿ ನೋಡಿದಳು. ಹೊಸದು, ಅಂಚು ಇನ್ನೂ ಒರಟು. ಪರ್ಸಿನ ಒಳಖಾನೆಯಲ್ಲಿಟ್ಟು ಜಿಪ್ ಎಳೆದಳು. ಎರಡು ಹೆಜ್ಜೆ ನಡೆದು ನಿಂತಳು.

"ಇದು ಮುಂಬಾಗಿಲದ್ದಲ್ವ? ಹಿಂಬಾಗಿಲದ್ದು ಎಲ್ಲಿ?"